ವಕೀಲರಾಗಿ, ಕಾನೂನು ಅಧ್ಯಾಪಕರಾಗಿ ಡಾ. ಬಿ.ಆರ್. ಅಂಬೇಡ್ಕರ್

ಡಾ. ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಅವರು (1891–1956) ಲಂಡನ್ನಿನ ಗ್ರೇಸ್ ಇನ್ ಸಂಸ್ಥೆಯಲ್ಲಿ ಬ್ಯಾರಿಸ್ಟರ್ ಆಗಿ ಅರ್ಹತೆ ಪಡೆದು, 1923ರಲ್ಲಿ ಮುಂಬಯಿಯಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಹೈಕೋರ್ಟಿನಲ್ಲಿ ದೊಡ್ಡ ವ್ಯಾಪಾರಿಗಳ ದಾವೆಗಳು ಸಾಲಿಸಿಟರುಗಳ ಮೂಲಕವೇ ಬ್ಯಾರಿಸ್ಟರರಿಗೆ ಬರುತ್ತಿದ್ದವು. ಅಸ್ಪೃಶ್ಯತೆಯ ಕಾರಣದಿಂದ ಸಾಲಿಸಿಟರುಗಳು ಇವರಿಗೆ ಮೊಕದ್ದಮೆಗಳನ್ನು ಒಪ್ಪಿಸಲು ಹಿಂಜರಿದರು. ಆದ್ದರಿಂದ ಅವರು ಜಿಲ್ಲಾ ನ್ಯಾಯಾಲಯಗಳಲ್ಲಿ ಬಡ ಕಕ್ಷಿದಾರರ ಪರವಾಗಿ ವಾದಿಸಿದರು.

ಜೀವನೋಪಾಯಕ್ಕಾಗಿ 1925ರಿಂದ 1928ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯಲ್ಲಿ ಅವರು ಬೋಧಿಸಿದ್ದು, ವಿಪರ್ಯಾಸವೆಂಬಂತೆ, ವಾಣಿಜ್ಯ ಕಾನೂನನ್ನೇ. 1928ರಲ್ಲಿ ಮುಂಬಯಿ ಸರ್ಕಾರಿ ಕಾನೂನು ಕಾಲೇಜಿನ ಪ್ರಾಧ್ಯಾಪಕರಾದರು; 1935ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಶೋಷಿತ ವರ್ಗಗಳ ವಿದ್ಯಾರ್ಥಿಗಳಿಗಾಗಿ 1929ರಲ್ಲಿ ಅವರ ಪ್ರಯತ್ನದಿಂದ ವಸತಿನಿಲಯವು ಆರಂಭವಾಯಿತು.