ಕುದುರೆಯ ನೋವು ಕಂಡವರು ಮಗುವಿನ ಅಳುವನ್ನೂ ಕೇಳಿದರು

ಮೂಕಪ್ರಾಣಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವ ಕೈ ಮನೆಯೊಳಗೆ ಬಂದಾಗ ಸುಮ್ಮನಿರುತ್ತದೆಯೇ? ಈ ಪ್ರಶ್ನೆ ಎದುರಾದಾಗಲೆಲ್ಲ ನಮಗೆ ಅಮೆರಿಕದ ಹೆನ್ರಿ ಬರ್ಗ್ ಅವರ ಜೀವನ ನೆನಪಾಗುತ್ತದೆ.

ಬರ್ಗ್ 1813ರಲ್ಲಿ ನ್ಯೂಯಾರ್ಕ್‌ನ ಶ್ರೀಮಂತ ಹಡಗು ನಿರ್ಮಾಪಕರೊಬ್ಬರ ಮಗನಾಗಿ ಜನಿಸಿದರು. ಅವರು ಬರೆದ ನಾಟಕಗಳು ಹೆಸರು ತರಲಿಲ್ಲ. 1863ರಲ್ಲಿ ಅಧ್ಯಕ್ಷ ಲಿಂಕನ್ ಅವರನ್ನು ರಷ್ಯಾದ ರಾಯಭಾರ ಕಚೇರಿಗೆ ನೇಮಿಸಿದರು. ಅಲ್ಲಿನ ಬೀದಿಯಲ್ಲಿ ಗಾಡಿಯವನೊಬ್ಬ ಕುದುರೆಯನ್ನು ಬಡಿಯುವುದನ್ನು ಕಂಡು ತಡೆದದ್ದೇ ಅವರ ಬಾಳಿನ ತಿರುವಾಯಿತು. ಊರಿಗೆ ಮರಳುವ ದಾರಿಯಲ್ಲಿ ಲಂಡನ್‌ನ ಪ್ರಾಣಿದಯಾ ಸಂಘದ ಕೆಲಸವನ್ನು ತಿಳಿದುಕೊಂಡರು. 1824ರಲ್ಲಿ ಆರಂಭವಾದ ಆ ಸಂಘದ ಸ್ಥಾಪಕರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಒಬ್ಬರು ಎಂಬುದು ಗಮನಾರ್ಹ.

1866ರ ಏಪ್ರಿಲ್‌ನಲ್ಲಿ ಬರ್ಗ್ ನ್ಯೂಯಾರ್ಕ್‌ನಲ್ಲಿ ಅಂಥದೇ ಸಂಘ ಕಟ್ಟಿದರು. ಕೆಲವೇ ದಿನಗಳಲ್ಲಿ ಪ್ರಾಣಿಹಿಂಸೆಯ ವಿರುದ್ಧ ಕಾನೂನೂ ಬಂತು. ಮಿತಿಮೀರಿ ಜನರನ್ನು ತುಂಬಿದ ಕುದುರೆಗಾಡಿಗಳನ್ನು ಅವರು ನಡುಬೀದಿಯಲ್ಲೇ ನಿಲ್ಲಿಸುತ್ತಿದ್ದರು. ಜನ ಅವರನ್ನು ಅಧಿಕಪ್ರಸಂಗಿ ಎಂದು ಗೇಲಿ ಮಾಡಿದರು.

1874ರಲ್ಲಿ ಎಟ್ಟಾ ವೀಲರ್ ಎಂಬ ಮಹಿಳೆ ಅವರ ಬಾಗಿಲಿಗೆ ಬಂದರು. ಬಡವರ ಮನೆಗಳಿಗೆ ಭೇಟಿ ನೀಡುತ್ತಿದ್ದ ಮೆಥೊಡಿಸ್ಟ್ ಸಭೆಯ ಸೇವಕಿ ಆಕೆ. ಮೇರಿ ಎಲೆನ್ ಎಂಬ ಸುಮಾರು ಹತ್ತು ವರ್ಷದ ಹುಡುಗಿಯನ್ನು ಸಾಕುತಾಯಿ ದಿನವೂ ಹೊಡೆಯುತ್ತಿದ್ದಳು. ಸಹಾಯ ಕೇಳಿ ಹೋದಲ್ಲೆಲ್ಲ ಆಕೆಗೆ ಸಿಕ್ಕಿದ್ದು ನಿರಾಶೆ. ಬರ್ಗ್ ತಮ್ಮ ಸಂಘದ ವಕೀಲ ಎಲ್‌ಬ್ರಿಜ್ ಗೆರಿ ಅವರ ಮೂಲಕ ಮಗುವನ್ನು ನ್ಯಾಯಾಲಯಕ್ಕೆ ಕರೆತರಿಸಿದರು. ಆ ಹೆಂಗಸಿಗೆ ಒಂದು ವರ್ಷದ ಜೈಲು ಶಿಕ್ಷೆಯಾಯಿತು.

ಪ್ರಾಣಿಗಳ ಕಾನೂನಿನಡಿ ಮಗುವನ್ನು ಬಿಡಿಸಿದರೆಂಬ ಕಥೆ ಹಬ್ಬಿದೆ, ಅದು ನಿಜವಲ್ಲ. ಅಕ್ರಮ ಬಂಧನದಲ್ಲಿರುವವರನ್ನು ಬಿಡಿಸುವ ಕಾನೂನನ್ನೇ ಗೆರಿ ಬಳಸಿದರು. ಕೊರತೆಯಿದ್ದದ್ದು ಹೊಣೆ ಹೊರುವವರದ್ದು. ಅದೇ ವರ್ಷದ ಕೊನೆಗೆ ಇವರೆಲ್ಲ ಸೇರಿ ಮಕ್ಕಳ ರಕ್ಷಣೆಗೆಂದೇ ಒಂದು ಸಂಘ ಸ್ಥಾಪಿಸಿದರು. ಬರ್ಗ್ 1888ರಲ್ಲಿ ತೀರಿಕೊಂಡರು. ಮೇರಿ ಎಲೆನ್ ತುಂಬು ಜೀವನ ನಡೆಸಿ 1956ರಲ್ಲಿ ನಿಧನರಾದರು. ಒಬ್ಬ ಮಗಳಿಗೆ ಎಟ್ಟಾ ಎಂದೇ ಹೆಸರಿಟ್ಟಿದ್ದರು.

ಪ್ರಾಣಿಗಳಿಗೆ ಅನಗತ್ಯವಾಗಿ ನೋವು ಕೊಡುವುದು ಮಾನವ ಘನತೆಗೇ ವಿರುದ್ಧವೆಂದು ನಮ್ಮ ಧರ್ಮಸಭೆ ಬೋಧಿಸುತ್ತದೆ. ಪ್ರಾಣಿಹಿಂಸೆ ಮತ್ತು ಮನೆಯೊಳಗಿನ ಹಿಂಸೆ ಹಲವು ಬಾರಿ ಜೊತೆಯಾಗಿಯೇ ಇರುತ್ತವೆ ಎಂಬುದನ್ನು ಇಂದು ತನಿಖಾಧಿಕಾರಿಗಳೂ ಒಪ್ಪುತ್ತಾರೆ. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿಹಿಂಸೆಯ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸುತ್ತಿದೆ. ನಾಯಿಗೆ ಹೊಡೆಯುವವರೆಲ್ಲ ಮಕ್ಕಳಿಗೂ ಹೊಡೆಯುತ್ತಾರೆಂದು ನಾವು ಹೇಳುತ್ತಿಲ್ಲ. ಆದರೆ ವಾಳೆಯ ಮನೆಗಳಿಗೆ ಹೋಗುವ ಗುರಿಕಾರರು, ಧರ್ಮಭಗಿನಿಯರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಅಂಗಳದಲ್ಲಿ ಗಾಯಗೊಂಡ ನಾಯಿಯನ್ನು ಕಂಡರೆ ಒಳಗಿರುವ ಮಗುವನ್ನೂ ಒಮ್ಮೆ ಮಾತನಾಡಿಸಲಿ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲಿ. ಎಟ್ಟಾ ವೀಲರ್ ಮಾಡಿದ್ದೂ ಇಷ್ಟೇ: ಕಂಡದ್ದನ್ನು ಕಂಡೂ ಕಾಣದಂತೆ ಹೋಗಲಿಲ್ಲ.