ಟೈರ್ ಅಗಲ ಮತ್ತು ಮಾರ್ಕ್ ಡೊನೊಹ್ಯೂ

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ನೆನಪಿದ್ಯಾ? ಘರ್ಷಣೆ ಅಂದ್ರೆ ಮ್ಯೂ ಇಂಟು ಎನ್, ತಾಗುವ ಜಾಗ ಎಷ್ಟಿದ್ರೂ ವ್ಯತ್ಯಾಸ ಇಲ್ಲ. ಹಾಗಾದ್ರೆ ರೇಸ್ ಕಾರಿಗೆ ಅಷ್ಟು ಅಗಲದ ಟೈರ್ ಯಾಕೆ? ರಬ್ಬರ್ ಈ ಸೂತ್ರಕ್ಕೆ ಪೂರ್ತಿ ಬಗ್ಗಲ್ಲ, ಅದಕ್ಕೆ. ಮೇಲಿನ ಭಾರ ಹೆಚ್ಚಿದಂತೆ ಅದರ ಮ್ಯೂ ಇಳಿಯುತ್ತೆ. ಅದೇ ಭಾರವನ್ನ ಅಗಲದ ಟೈರ್ ಹೊತ್ತರೆ ಹಿಡಿತ ಜಾಸ್ತಿ. ಹಾಗಾಗಿ ರೇಸ್ ನಡೆಸುವವರು ಇಂಜಿನ್ ಜೊತೆ ರಿಮ್ ಅಗಲಕ್ಕೂ ಮಿತಿ ಹಾಕ್ತಾರೆ. ಇಂಥ ರೂಲ್ ಬುಕ್‌ಗಳ ಜೊತೆ ಗುದ್ದಾಡಿದ ಒಬ್ಬ ಇಂಜಿನಿಯರ್ ಬಗ್ಗೆ ಈ ಸಲ ಬರೀತಿದ್ದೀವಿ.

ಮಾರ್ಕ್ ಡೊನೊಹ್ಯೂ ಹುಟ್ಟಿದ್ದು 1937ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. 1959ರಲ್ಲಿ ಬ್ರೌನ್ ಯೂನಿವರ್ಸಿಟಿಯಿಂದ ಮೆಕ್ಯಾನಿಕಲ್ ಡಿಗ್ರಿ. 1966ರಲ್ಲಿ ರೋಜರ್ ಪೆನ್ಸ್ಕಿ ತಂಡ ಸೇರಿದರು. ಡ್ರೈವರ್ ಕೆಲಸವೂ ಅವರದೇ, ಕಾರನ್ನ ಸರಿಮಾಡೋ ಕೆಲಸವೂ ಅವರದೇ.

ಟ್ರಾನ್ಸ್-ಆಮ್ ಸರಣಿಯಲ್ಲಿ ಇಂಜಿನ್ 5 ಲೀಟರ್, ರಿಮ್ 8 ಇಂಚು ಅಂತ ಕಟ್ಟುಪಾಡು. ಟೈರ್ ಎಲ್ಲರದೂ ಹೆಚ್ಚುಕಡಿಮೆ ಒಂದೇ ಅಂದಮೇಲೆ ಅದರ ಮೇಲಿನ ಭಾರ ಇಳಿಸೋದೇ ದಾರಿ. ತಂಡದವರು ಕಮಾರೋ ಕಾರಿನ ಬಾಡಿಯನ್ನ ಆಸಿಡ್‌ನಲ್ಲಿ ಅದ್ದಿ ತಗಡು ತೆಳು ಮಾಡಿದರು. ಸುಕ್ಕುಬಿದ್ದ ಚಾವಣಿ ಕಾಣಬಾರದು ಅಂತ ಮೇಲೆ ವಿನೈಲ್ ಹೊದಿಸಿದ್ದೂ ಉಂಟು! ಇದು ಜಾಣತನವೋ ಮೋಸವೋ ಅಂತ ನಮ್ಮ ಕ್ಲಬ್‌ನಲ್ಲೇ ಎರಡು ಪಾರ್ಟಿ ಆಗಿದೆ. 1968ರಲ್ಲಿ 13 ರೇಸ್‌ಗಳಲ್ಲಿ 10 ಗೆದ್ದರು ಅನ್ನೋದಂತೂ ನಿಜ.

ನಮಗೆ ಹೆಚ್ಚು ಇಷ್ಟವಾದದ್ದು ಅವರು ಟೈರ್ ಅಳೆಯುತ್ತಿದ್ದ ರೀತಿ. ಖಾಲಿ ಜಾಗದಲ್ಲಿ ದೊಡ್ಡ ವೃತ್ತ ಬರೆದು, ಕಾರು ಜಾರುವ ಅಂಚಿನವರೆಗೆ ಸುತ್ತಿಸಿ, ಸ್ಟಾಪ್‌ವಾಚ್ ಹಿಡಿಯೋದು. ಸಮಯ, ತ್ರಿಜ್ಯ ಗೊತ್ತಾದ್ರೆ ವಿ ಸ್ಕ್ವೇರ್ ಬೈ ಆರ್ ಹಾಕಿ ಹಿಡಿತ ಎಷ್ಟು ಅಂತ ತೆಗೀಬಹುದು. ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಸುಲಭ! ಟೈರ್‌ನ ಒಟ್ಟು ಹಿಡಿತವನ್ನೂ ಅವರು ಒಂದು ವೃತ್ತದಂತೆ ನೋಡ್ತಿದ್ದರು: ಅಷ್ಟನ್ನೂ ಬ್ರೇಕ್‌ಗೇ ಸುರಿದರೆ ತಿರುಗೋಕೆ ಏನೂ ಉಳಿಯಲ್ಲ, ಹಂಚಿಕೊಂಡೇ ಬಳಸಬೇಕು.

ಮುಂದೆ ಕ್ಯಾನ್-ಆಮ್. ಅಲ್ಲಿ ಇಂಜಿನ್‌ಗೂ ಟೈರ್ ಅಗಲಕ್ಕೂ ಮಿತಿಯೇ ಇರಲಿಲ್ಲ ಅನ್ನಬಹುದು. ಪೋರ್ಷೆ ಜೊತೆ ಸೇರಿ ಅವರು ಪಳಗಿಸಿದ 917/30 ಕಾರಿಗೆ ಸಾವಿರಕ್ಕೂ ಹೆಚ್ಚು ಹಾರ್ಸ್‌ಪವರ್, ಹಿಂದಿನ ಚಕ್ರಗಳಿಗೆ ಟ್ರಾನ್ಸ್-ಆಮ್ ಕಾರಿನ ಸುಮಾರು ಎರಡರಷ್ಟು ಅಗಲ. 1973ರಲ್ಲಿ 8 ರೇಸ್‌ಗಳಲ್ಲಿ 6 ಅವರದೇ. ಮರುವರ್ಷ ಇಂಧನ ಬಳಕೆಗೆ ಮಿತಿ ತಂದರು, ಆ ಕಾರಿನ ಆಟ ಮುಗೀತು.

ಡೊನೊಹ್ಯೂ ನಿವೃತ್ತಿ ಹೇಳಿದರು. ಆದರೆ ಸುಮ್ಮನೆ ಕೂರೋಕೆ ಆಗಲಿಲ್ಲ, 1974ರ ಕೊನೆಯಲ್ಲಿ ಪೆನ್ಸ್ಕಿ ತಂಡದ ಜೊತೆ ಫಾರ್ಮುಲಾ ಒನ್‌ಗೆ ಬಂದರು. 1975ರ ಆಗಸ್ಟ್ 9ರಂದು ಟ್ಯಾಲಡೇಗಾದಲ್ಲಿ ಅದೇ ಹಳೆಯ 917/30 ಓಡಿಸಿ ಗಂಟೆಗೆ ಸುಮಾರು 355 ಕಿ.ಮೀ. ವೇಗದ ದಾಖಲೆ ಮಾಡಿದರು. ಮುಂದಿನ ವಾರ ಆಸ್ಟ್ರಿಯಾ. ರೇಸ್ ದಿನ ಬೆಳಿಗ್ಗೆ ಅಭ್ಯಾಸದಲ್ಲಿ ಟೈರ್ ಕೈಕೊಟ್ಟು ಕಾರು ಬೇಲಿ ಹಾರಿತು. ಒಬ್ಬ ಮಾರ್ಷಲ್ ಪ್ರಾಣ ಹೋಯ್ತು. ಡೊನೊಹ್ಯೂಗೆ ಮೊದಲು ಪ್ರಜ್ಞೆ ಇತ್ತು, ಮಾತಾಡ್ತಿದ್ದರು. ಆಮೇಲೆ ತಲೆನೋವು ಶುರುವಾಯ್ತು. ಮಿದುಳಿನ ರಕ್ತಸ್ರಾವದಿಂದ ಆಗಸ್ಟ್ 19ರಂದು ಗ್ರಾಜ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 38.

ಆ ಟೈರ್ ವಿಷಯ ಕೋರ್ಟಿಗೆ ಹೋಗಿ, 1984ರಲ್ಲಿ ಜ್ಯೂರಿ ಕುಟುಂಬದ ಪರವಾಗಿ ತೀರ್ಪು ಕೊಟ್ಟಿತು. ಕಾರು ಹಾರಿದ ಆ ತಿರುವನ್ನ ಅಷ್ಟರಲ್ಲಾಗಲೇ, 1977ರಲ್ಲೇ, ವೇಗ ತಗ್ಗಿಸಬೇಕಾದ ಅಂಕುಡೊಂಕಾಗಿ ಮಾರ್ಪಡಿಸಿದ್ದರು.