ಮಲಿಕ್ ಅಂಬರ್

ಕಾಲು ಶತಮಾನ ಮೊಗಲರ ದಖ್ಖನ್ ದಂಡಯಾತ್ರೆಗೆ ಅಡ್ಡನಿಂತ ಮಲಿಕ್ ಅಂಬರನು ಹುಟ್ಟಿನಿಂದ ಈ ನಾಡಿನವನಲ್ಲ. ಸುಮಾರು 1548ರಲ್ಲಿ ಆಫ್ರಿಕದ ಇಥಿಯೋಪಿಯದಲ್ಲಿ ಜನಿಸಿದ ಅವನ ಮೊದಲ ಹೆಸರು ಚಾಪು. ಬಾಲ್ಯದಲ್ಲಿಯೇ ಅವನು ಗುಲಾಮನಾಗಿ ಮಾರಲ್ಪಟ್ಟನು. ಬಾಗ್ದಾದಿನ ವರ್ತಕನೊಬ್ಬನು ಅವನಿಗೆ ವಿದ್ಯೆ ಕಲಿಸಿ, ಅಂಬರ್ ಎಂದು ಹೆಸರಿಟ್ಟನು. ತಾಯ್ನಾಡನ್ನೂ ಹೆಸರನ್ನೂ ಕಳೆದುಕೊಂಡ ಹುಡುಗನು ಹೋದೆಡೆಯಲ್ಲೆಲ್ಲ ಅಲ್ಲಿಯ ವಿದ್ಯೆಯನ್ನು ತನ್ನದಾಗಿಸಿಕೊಂಡನು.

ಮುಂದೆ ಅಹಮದನಗರದ ಪೇಶ್ವೆ ಚಂಗೀಜ್ ಖಾನನು ಅವನನ್ನು ಕೊಂಡನು. ಆ ಒಡೆಯನೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬಸಿಯೇ! ಅವನ ಮರಣಾನಂತರ ಬಿಡುಗಡೆ ಹೊಂದಿದ ಅಂಬರನು ಕೆಲಕಾಲ ಬಿಜಾಪುರದ ಸೇವೆಯಲ್ಲಿದ್ದು ‘ಮಲಿಕ್’ ಎಂಬ ಬಿರುದನ್ನು ಪಡೆದನು. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾದಾಗ, ನಿಜಾಮಶಾಹಿ ಮನೆತನದ ರಾಜಕುಮಾರನೊಬ್ಬನನ್ನು ಪಟ್ಟಕ್ಕೇರಿಸಿ ರಾಜ್ಯಭಾರವನ್ನು ತಾನೇ ಹೊತ್ತನು. ಬಯಲಿನಲ್ಲಿ ಮೊಗಲರ ಮಹಾಸೈನ್ಯವನ್ನು ಎದುರಿಸುವುದು ಕಷ್ಟವೆಂದರಿತು, ಬೆಟ್ಟಕಣಿವೆಗಳನ್ನು ಬಲ್ಲ ಮರಾಠಾ ರಾವುತರನ್ನು ಕೂಡಿಸಿದನು. ಅವರು ಥಟ್ಟನೆ ಎರಗಿ, ಧಾನ್ಯದ ಸಾಗಣೆಯನ್ನು ಕಡಿದು, ಮರೆಯಾಗುತ್ತಿದ್ದರು. 1624ರ ಭಾತವಡಿ ಯುದ್ಧದಲ್ಲಿ ಶಿವಾಜಿಯ ತಂದೆ ಶಹಾಜಿಯೂ ಅವನ ಪಕ್ಷದಲ್ಲಿದ್ದನು. ಕೈಗೆ ಸಿಕ್ಕದ ಈ ಶತ್ರುವಿನ ರುಂಡಕ್ಕೆ ತಾನು ಬಾಣ ಬಿಡುವಂತೆ ಚಕ್ರವರ್ತಿ ಜಹಾಂಗೀರನು ಚಿತ್ರ ಬರೆಸಿ ತೃಪ್ತಿಪಟ್ಟನು.

1610ರಲ್ಲಿ ಅಂಬರನು ಕಟ್ಟಿದ ಖಡಕಿ ಪಟ್ಟಣವೇ ಮುಂದೆ ಔರಂಗಾಬಾದ್ ಎನಿಸಿತು. ಆ ಒಣನೆಲಕ್ಕೆ ಅವನು ನೆಲದೊಳಗಿನ ಕಾಲುವೆಯಿಂದ ನೀರು ತಂದನು. 1626ರಲ್ಲಿ ತೀರಿಕೊಂಡ ಅವನ ಗೋರಿ ಸಮೀಪದ ಖುಲ್ದಾಬಾದಿನಲ್ಲಿದೆ.